ಸ್ಲೈಡರ್ ಮೇಲೆ ಕೈಯಿಟ್ಟವರಿಗೊಂದು ಬಹಿರಂಗ ಪತ್ರ

ರೆಂಡರ್ ಕುರ್ಚಿಯಲ್ಲಿ ಕೂತಿರುವ ನನ್ನ ತಮ್ಮಂದಿರಿಗೆ, ತಂಗಿಯರಿಗೆ,



ನೀವು ಇದನ್ನು ಓದುವ ಹೊತ್ತಿಗೆ ಬಹುಶಃ ರಾತ್ರಿ ಹನ್ನೊಂದು ದಾಟಿರುತ್ತದೆ. ರೆಂಡರ್ ಈಗಷ್ಟೇ ಮುಗಿದಿದೆ. ಬೆಳಿಗ್ಗೆ ಹತ್ತಕ್ಕೆ ಕ್ಲೈಂಟ್ ಮೀಟಿಂಗ್. ಪರದೆಯ ಮೇಲಿನ ಚಿತ್ರ ಸ್ವಲ್ಪ ಸಪ್ಪೆ ಅನ್ನಿಸುತ್ತಿದೆ. ಬಲಗಡೆ ಸಾಲಾಗಿ ಸ್ಲೈಡರ್‌ಗಳಿವೆ: ಎಕ್ಸ್‌ಪೋಷರ್, ಕಾಂಟ್ರಾಸ್ಟ್, ಸ್ಯಾಚುರೇಶನ್, ಬ್ಲೂಮ್, ವಿನ್ಯೆಟ್. ಒಂದನ್ನು ಸ್ವಲ್ಪ ಎಳೆದರೆ ಸಾಕು, ಹಾಲ್‌ಗೆ ಕಳೆ ಬರುತ್ತದೆ. ಇನ್ನೊಂದನ್ನು ಎಳೆದರೆ ಸೋಫಾ ಮೇಲೆ ಎಳೆಬಿಸಿಲು ಬಿದ್ದಂತಾಗುತ್ತದೆ. ಸ್ಲೈಡರ್ ಎಳೆಯುವ ಆ ಹತ್ತು ನಿಮಿಷದ ಬಗ್ಗೆ ನಿಮ್ಮ ಹತ್ತಿರ ಮಾತಾಡಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ.

ನಾನು 17 ವರ್ಷ ಬೆಂಗಳೂರಿನಲ್ಲಿ ಇದೇ ಕೆಲಸ ಮಾಡಿದವನು. ಅಪಾರ್ಟ್‌ಮೆಂಟ್ ಬ್ರೋಶರ್‌ಗಳಲ್ಲಿ, ರಿಂಗ್ ರೋಡಿನ ಹೋರ್ಡಿಂಗ್‌ಗಳಲ್ಲಿ, ಇನ್ನೂ ಪಾಯವನ್ನೇ ಅಗೆಯದ ಕಟ್ಟಡಗಳ ಚಿತ್ರಗಳನ್ನು ನೀವು ನೋಡಿದ್ದೀರಲ್ಲ, ಅವುಗಳಲ್ಲಿ ಕೆಲವು ನನ್ನ ಕೈಯವು. ನಿಮಗಷ್ಟೇ ಹೇಳಬಹುದಾಗಿದ್ದ ಮಾತನ್ನು ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕಾರಣವಿದೆ. ಈ ಚಿತ್ರಗಳನ್ನು ನಂಬಿ ಮನೆ ಕೊಳ್ಳುವವರೂ, ಅವನ್ನು ಮಾಡಿಸುವ ಬಿಲ್ಡರ್‌ಗಳೂ, ನಕ್ಷೆ ಬರೆಯುವ ಆರ್ಕಿಟೆಕ್ಟ್‌ಗಳೂ ಈ ಮಾತಿಗೆ ಸಾಕ್ಷಿಯಾಗಿರಲಿ ಎಂಬುದು ನನ್ನ ಆಸೆ.

ಮೊದಲಿಗೆ ಒಂದು ಮಾತು. ಎಫೆಕ್ಟ್‌ಗಳನ್ನು ಮುಟ್ಟಲೇಬೇಡಿ ಎಂದು ನಾನು ಹೇಳುವುದಿಲ್ಲ. ಮುಟ್ಟದೆ ಗತಿಯಿಲ್ಲ. ರೆಂಡರ್ ಎಂಜಿನ್ ಲೆಕ್ಕ ಮುಗಿಸಿ ನಿಮಗೆ ಕೊಡುವುದು ಚಿತ್ರವಲ್ಲ, ಬೆಳಕಿನ ಅಂಕಿಗಳ ರಾಶಿ. ಪ್ರತಿ ಪಿಕ್ಸೆಲ್‌ಗೆ ಎಷ್ಟು ಕೆಂಪು, ಎಷ್ಟು ಹಸಿರು, ಎಷ್ಟು ನೀಲಿ ಬೆಳಕು ತಲುಪಿತು ಎಂಬ ಲೆಕ್ಕವಷ್ಟೇ ಅದರಲ್ಲಿರುತ್ತದೆ. ನಡು ಮಧ್ಯಾಹ್ನದ ನೇರ ಬಿಸಿಲು ಸುಮಾರು 1,00,000 ಲಕ್ಸ್. ಅದೇ ಹೊತ್ತಿನಲ್ಲಿ ಮನೆಯೊಳಗೆ, ಕಿಟಕಿಯಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಇನ್ನೂರು ಮುನ್ನೂರು ಲಕ್ಸ್ ಇದ್ದರೆ ಹೆಚ್ಚು. ನಮ್ಮ ಕಣ್ಣು ಈ ನೂರಾರು ಪಟ್ಟಿನ ಅಂತರವನ್ನು ಸಲೀಸಾಗಿ ಸಂಭಾಳಿಸುತ್ತದೆ. ಹೊರಗಿಂದ ಒಳಬಂದು ಒಂದು ಕ್ಷಣ ಕಣ್ಣು ಕತ್ತಲಿಟ್ಟರೂ ಮರುಕ್ಷಣವೇ ಹೊಂದಿಕೊಳ್ಳುತ್ತದೆ. ಬ್ರೋಶರ್ ಕಾಗದಕ್ಕೂ ಕಂಪ್ಯೂಟರ್ ಪರದೆಗೂ ಆ ಶಕ್ತಿಯಿಲ್ಲ. ಮಾಮೂಲಿ ಜೆಪೆಗ್ ಕಡತದಲ್ಲಿ ಒಂದೊಂದು ಬಣ್ಣಕ್ಕೆ ಇರುವುದು 256 ಮೆಟ್ಟಿಲು ಮಾತ್ರ.

ಅಷ್ಟು ದೊಡ್ಡ ಬೆಳಕನ್ನು ಇಷ್ಟು ಸಣ್ಣ ಡಬ್ಬಿಯಲ್ಲಿ ತುಂಬುವಾಗ ಯಾರಾದರೂ ತೀರ್ಮಾನ ತೆಗೆದುಕೊಳ್ಳಲೇಬೇಕು. ಎಕ್ಸ್‌ಪೋಷರ್ ಎಂದರೆ ಆ ತೀರ್ಮಾನ. ಹೈಲೈಟ್ ಕಂಪ್ರೆಶನ್ ಎಂದರೆ ಆ ತೀರ್ಮಾನ. ಬ್ಲೆಂಡರ್ ಸಾಫ್ಟ್‌ವೇರ್‌ನವರು 2017ರಲ್ಲಿ ಫಿಲ್ಮಿಕ್ ಎಂಬ ಕ್ರಮವನ್ನು ಸೇರಿಸಿದರು, 2023ರ 4.0 ಆವೃತ್ತಿಯಲ್ಲಿ ಅದರ ಜಾಗಕ್ಕೆ ಎಜಿಎಕ್ಸ್ ತಂದರು. ಎರಡರ ಕೆಲಸವೂ ಇದೇ: ಕಿಟಕಿಯ ಹೊರಗಿನ ಬಿಸಿಲು ಸುಟ್ಟು ಬಿಳಿಯಾಗದಂತೆ, ಒಳಗಿನ ಮೂಲೆ ಕಪ್ಪಾಗದಂತೆ, ಕಣ್ಣಿಗೆ ಕಂಡ ಹಾಗೆಯೇ ಕಾಣಿಸುವುದು. ಇದನ್ನು ಕಲಿಯದವರ ರೆಂಡರ್ ಸುಳ್ಳಾಗುತ್ತದೆ, ಒಂದೂ ಎಫೆಕ್ಟ್ ಹಾಕದಿದ್ದರೂ ಸುಳ್ಳಾಗುತ್ತದೆ.

ನಮ್ಮ ಈ ವಿದ್ಯೆ ಹುಟ್ಟಿದ್ದೇ ನಿಜದ ಪಕ್ಕದಲ್ಲಿ ಕೂತು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ 1980ರ ದಶಕದಲ್ಲಿ ಸಂಶೋಧಕರು ಒಂದು ಸಣ್ಣ ಪೆಟ್ಟಿಗೆ ಮಾಡಿದರು. ಅದರ ಒಂದೊಂದು ಪಕ್ಕಕ್ಕೆ ಒಂದೊಂದು ಬಣ್ಣ, ಮೇಲೆ ಒಂದು ದೀಪ. ಅದೇ ಪೆಟ್ಟಿಗೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಚಿತ್ರ ಮಾಡಿದರು. ಆಮೇಲೆ ನಿಜವಾದ ಪೆಟ್ಟಿಗೆಯನ್ನೂ ಲೆಕ್ಕದ ಚಿತ್ರವನ್ನೂ ಅಕ್ಕಪಕ್ಕ ಇಟ್ಟು, ಎರಡನ್ನೂ ಕ್ಯಾಮೆರಾದ ಮೂಲಕ ತೋರಿಸಿ, ಯಾವುದು ನಿಜ ಎಂದು ಜನರನ್ನು ಕೇಳಿದರು. ಜನರ ಉತ್ತರ ನಾಣ್ಯ ಚಿಮ್ಮಿ ಹೇಳಿದಷ್ಟೇ ಸರಿಯಿತ್ತು. ಆ ಪ್ರಯೋಗದ ಲೇಖನ ಪ್ರಕಟವಾದದ್ದು 1986ರಲ್ಲಿ. ಇವತ್ತಿನ ರೆಂಡರ್ ಎಂಜಿನ್‌ಗಳೆಲ್ಲ ಬಿಡಿಸುತ್ತಿರುವ ಬೆಳಕಿನ ಸಮೀಕರಣವನ್ನು ಜೇಮ್ಸ್ ಕಜಿಯ ಬರೆದದ್ದೂ ಅದೇ ವರ್ಷ. ಆ ಪೆಟ್ಟಿಗೆಯನ್ನು ಈಗಲೂ ಕಾರ್ನೆಲ್ ಬಾಕ್ಸ್ ಎನ್ನುತ್ತೇವೆ, ಹೊಸ ಎಂಜಿನ್ ಮಾಡಿದವರು ಮೊದಲು ಅದನ್ನೇ ರೆಂಡರ್ ಮಾಡಿ ನೋಡುತ್ತಾರೆ. ನಮ್ಮ ಹಿರಿಯರು ಚಿತ್ರವನ್ನು ಅಳೆದದ್ದು ವಸ್ತುವಿನ ಪಕ್ಕದಲ್ಲಿಟ್ಟು. ಆ ಅಳತೆಗೋಲನ್ನು ನಾವು ಯಾವಾಗ ಕೆಳಗಿಟ್ಟೆವೋ ನನಗೆ ತಿಳಿಯದು. ನಾನು ಕೆಳಗಿಟ್ಟ ದಿನ ಮಾತ್ರ ಚೆನ್ನಾಗಿ ನೆನಪಿದೆ.

ಅದೊಂದು ಅಡುಗೆಮನೆಯ ವ್ಯೂ. ಎರಡು ಬೆಡ್‌ರೂಮಿನ ಫ್ಲ್ಯಾಟು. ವಾಸ್ತು ಪ್ರಕಾರ ಆಗ್ನೇಯ ಮೂಲೆಯಲ್ಲಿ ಒಲೆ, ಪಕ್ಕದಲ್ಲಿ ಸಿಂಕು, ಸಿಂಕಿನ ಮೇಲೊಂದು ಕಿಟಕಿ. ಆ ಕಿಟಕಿ ತೆರೆಯುತ್ತಿದ್ದದ್ದು ಡಕ್ಟಿಗೆ. ನಾಲ್ಕೇ ಅಡಿ ಎದುರಿಗೆ ಇನ್ನೊಂದು ಗೋಡೆ, ಅದರ ಮೇಲೆ ಕೊಳಾಯಿ ಪೈಪುಗಳು. ಮೊದಲ ರೆಂಡರ್‌ನಲ್ಲಿ ಅಡುಗೆಮನೆ ಮಬ್ಬಾಗಿ ಬಂತು. ಎಂಜಿನ್ ತಪ್ಪು ಮಾಡಿರಲಿಲ್ಲ. ಅಷ್ಟು ಕಿರಿದಾದ ಡಕ್ಟಿನಲ್ಲಿ ಮೂರನೇ ಮಹಡಿಯವರೆಗೆ ಇಳಿಯುವ ಬೆಳಕು ಅಷ್ಟೇ.

ನಾನು ಏನು ಮಾಡಿದೆ ಹೇಳುತ್ತೇನೆ. ಕಿಟಕಿಯ ಹೊರಗೆ, ಡಕ್ಟಿನೊಳಗೆ, ಕಣ್ಣಿಗೆ ಕಾಣದ ಒಂದು ಲೈಟ್ ಇಟ್ಟೆ. ಎಕ್ಸ್‌ಪೋಷರ್ ಒಂದೂವರೆ ಸ್ಟಾಪ್ ಏರಿಸಿದೆ. ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು, ಹಾಗಾಗಿ ಒಂದೂವರೆ ಎಂದರೆ ಹತ್ತಿರ ಹತ್ತಿರ ಮೂರು ಪಟ್ಟು. ಎದುರುಗೋಡೆಯ ಪೈಪು ಕಾಣುತ್ತಿತ್ತಲ್ಲ, ಅದಕ್ಕೆ ಬ್ಲೂಮ್ ಎಳೆದೆ. ಕಿಟಕಿ ಬೆಳ್ಳಗೆ ಹೊಳೆಯತೊಡಗಿತು, ಹೊಳಪು ಚೌಕಟ್ಟನ್ನು ದಾಟಿ ಗ್ರಾನೈಟ್ ಕಟ್ಟೆಯ ಮೇಲೆಲ್ಲ ಹರಡಿತು. ಆ ಹೊಳಪಿನ ಹಿಂದೆ ಗೋಡೆಯಿದೆಯೋ ತೋಟವಿದೆಯೋ ಯಾರಿಗೂ ಗೊತ್ತಾಗುವಂತಿರಲಿಲ್ಲ. ಸೀಲಿಂಗ್ ಲೈಟುಗಳನ್ನು ಆರಿಸಿದೆ, ಹಗಲು ಬೆಳಕೇ ಸಾಕು ಅನ್ನಿಸಲಿ ಅಂತ. ಕಟ್ಟೆಯ ಮೇಲೆ ಒಂದು ಬುಟ್ಟಿ ನಿಂಬೆಹಣ್ಣು ಇಟ್ಟೆ. ಎಲ್ಲರಿಗೂ ಚಿತ್ರ ಇಷ್ಟವಾಯಿತು. ಬ್ರೋಶರ್‌ನ ಒಳಪುಟದಲ್ಲಿ ಪೂರ್ತಿ ಪುಟ ಅದೇ ಬಂತು.

ಮೂರು ವರ್ಷದ ಮೇಲೆ ಬೇರೆ ಯಾವುದೋ ಕೆಲಸಕ್ಕೆ ಆ ಕಟ್ಟಡಕ್ಕೆ ಹೋದಾಗ, ಅದೇ ಬಗೆಯ ಒಂದು ಮನೆಯವರು ಒಳಗೆ ಕರೆದು ಕಾಫಿ ಕೊಟ್ಟರು. ಬೆಳಿಗ್ಗೆ ಹನ್ನೊಂದು ಗಂಟೆ, ಹೊರಗೆ ಚುರುಕು ಬಿಸಿಲು. ಆ ತಾಯಿ ಅಡುಗೆಮನೆಗೆ ಕಾಲಿಡುವಾಗ ನೋಡದೆಯೇ ಕೈ ಎತ್ತಿ ಸ್ವಿಚ್ ಒತ್ತಿದರು. ಟ್ಯೂಬ್‌ಲೈಟ್ ಎರಡು ಸಲ ಮಿಟುಕಿ ಹತ್ತಿತು. ಸ್ವಿಚ್ ಬೋರ್ಡಿನ ಆ ಒಂದೇ ಗುಂಡಿಯ ಸುತ್ತ ಅರಿಶಿನ, ಎಣ್ಣೆ ಕೈಯ ಕಲೆ ಹಿಡಿದು ಹಳದಿಯಾಗಿತ್ತು. ಬ್ರೋಶರ್ ಚಿತ್ರ ಮಾಡಿದವನು ನಾನೇ ಎಂದು ಗೊತ್ತಾದಾಗ ಅವರು ಬೈಯಲಿಲ್ಲ. "ಫೋಟೋದಲ್ಲಿ ಲೈಟ್ ಹಾಕಿರಲಿಲ್ಲ ಅಲ್ವೇನಪ್ಪಾ?" ಅಂತ ಕೇಳಿದರು. ತಿಳಿದುಕೊಳ್ಳಬೇಕು ಎಂಬ ಧಾಟಿಯಲ್ಲೇ ಕೇಳಿದರು. ನನ್ನ ಹತ್ತಿರ ಉತ್ತರವಿರಲಿಲ್ಲ.

ಬೆಳಕು ಹೇಗೆ ನಡೆಯುತ್ತದೆಂದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ನಾನು ಬೆಳೆದದ್ದು ಮಲೆನಾಡಿನ ಹೆಂಚಿನ ಮನೆಯಲ್ಲಿ. ನಮ್ಮಮ್ಮನ ಒಲೆಯ ಮೇಲುಗಡೆ, ಸೂರಿನ ನಡುವೆ ಒಂದು ಗಾಜಿನ ಹೆಂಚು ಇತ್ತು. ಮಳೆಗಾಲ ಕಳೆದು ಬಿಸಿಲು ಬಂದರೆ ಅದರಿಂದ ಒಂದು ಬೆಳಕಿನ ಕೋಲು ಇಳಿಯುತ್ತಿತ್ತು. ಒಲೆಯ ಹೊಗೆ ಅದರೊಳಗೆ ಬಂದಾಗ ಮಾತ್ರ ಕೋಲು ಗಟ್ಟಿಯಾಗಿ ಕಾಣುತ್ತಿತ್ತು, ಹೊಗೆ ಸರಿದರೆ ನೆಲದ ಮೇಲಿನ ಚೌಕ ಮಾತ್ರ ಉಳಿಯುತ್ತಿತ್ತು. ಆ ಚೌಕ ಕಡೆಯುವ ಕಲ್ಲಿನ ಹತ್ತಿರ ಬಂದರೆ ಊಟದ ಹೊತ್ತು. ಈಗ ಸಾಫ್ಟ್‌ವೇರ್‌ನಲ್ಲಿ ಅದಕ್ಕೆ ವಾಲ್ಯುಮೆಟ್ರಿಕ್ ಲೈಟ್ ಎನ್ನುತ್ತಾರೆ, ಅದಕ್ಕೂ ಒಂದು ಸ್ಲೈಡರ್ ಇದೆ. ಆ ಹೆಂಚು ಹೊದಿಸಿದವನು ಅಡುಗೆಮನೆ ಕತ್ತಲೆಂದು ಮೊದಲೇ ಕಂಡುಕೊಂಡು ಬೆಳಕಿಗೆ ದಾರಿ ಮಾಡಿದ್ದ. ನಾನು ಕತ್ತಲನ್ನು ಕಂಡುಕೊಂಡು ಅದರ ಮೇಲೆ ಹೊಳಪು ಬಳಿದೆ.

ಹಾಗಾಗಿ ಸ್ಲೈಡರ್‌ಗಳ ಬಗ್ಗೆ ನಾನು ಕಲಿತದ್ದನ್ನು ಒಂದೊಂದಾಗಿ ನಿಮಗೆ ಒಪ್ಪಿಸುತ್ತೇನೆ.

ಬ್ಲೂಮ್ ಸುಳ್ಳು ಎಫೆಕ್ಟ್ ಅಲ್ಲ. ತೀರ ಪ್ರಖರವಾದ ಬೆಳಕು ಕ್ಯಾಮೆರಾದ ಗಾಜಿನಲ್ಲೂ ನಮ್ಮ ಕಣ್ಣಿನೊಳಗೂ ಚದುರಿ ಸುತ್ತ ಒಂದು ಮಂಜಿನಂಥ ಪ್ರಭೆ ಕಟ್ಟುತ್ತದೆ. ಆದ್ದರಿಂದ ಉರಿಯುವ ಬಲ್ಬಿನ ಸುತ್ತ, ನೀರಿನ ಮೇಲೆ ಹೊಳೆದ ಸೂರ್ಯನ ಸುತ್ತ ಅದು ಇರಲಿ. ಬ್ಲೂಮ್ ಏಳಬೇಕಾದ ಬೆಳಕಿನ ಮಿತಿಯನ್ನು ಮೇಲಕ್ಕಿಡಿ. ಬಿಳಿ ಗೋಡೆ, ಬಿಳಿ ಬೆಡ್‌ಶೀಟ್, ಮೋಡದ ದಿನದ ಕಿಟಕಿ ಹೊಗೆಯಾಡಿದರೆ ಮಿತಿ ಕೆಳಗಿದೆ ಎಂದರ್ಥ. ಇನ್ನೊಂದು ಪರೀಕ್ಷೆ: ಬ್ಲೂಮ್ ಆರಿಸಿದಾಗ ಕಿಟಕಿಯಾಚೆ ಹೊಸದಾಗಿ ಏನಾದರೂ ಕಂಡರೆ ಅಲ್ಲೇ ನಿಲ್ಲಿ. ನೀವು ಮುಚ್ಚಿಟ್ಟದ್ದು ಅದೇ.

ವೈಟ್ ಬ್ಯಾಲೆನ್ಸ್ ಬಹಳ ಜನ ಹಗುರವಾಗಿ ತೆಗೆದುಕೊಳ್ಳುವ ಸಂಗತಿ. ಹಗಲು ಬೆಳಕಿಗೆ 6500 ಕೆಲ್ವಿನ್ ಆಸುಪಾಸು, ಬೆಚ್ಚಗಿನ ಎಲ್‌ಇಡಿಗೆ 2700ರಿಂದ 3000. ಎರಡೂ ಇರುವ ಕೋಣೆಯಲ್ಲಿ ಕಿಟಕಿ ಕಡೆ ಕೊಂಚ ನೀಲಿ, ದೀಪದ ಕಡೆ ಕೊಂಚ ಹಳದಿ ಕಾಣುವುದೇ ನಿಜ. ಇಡೀ ಚಿತ್ರವನ್ನು ಕಿತ್ತಳೆ ಬಣ್ಣಕ್ಕೆ ಜಗ್ಗಿದರೆ ನೋಡಲು ಹಿತವೇನೋ ಹೌದು, ಆದರೆ ಆ ಚಿತ್ರ ನೋಡಿಯೇ ಒಬ್ಬರು ಟೈಲ್ಸ್ ಆರಿಸುತ್ತಾರೆ, ಪೇಂಟ್ ಆರಿಸುತ್ತಾರೆ. ಅಂಗಡಿಯಲ್ಲಿ ಬೂದು ಬಣ್ಣದ ಟೈಲ್ ಕೈಯಲ್ಲಿ ಹಿಡಿದು, ಚಿತ್ರದಲ್ಲಿ ಅದು ಕೆನೆಬಣ್ಣವಾಗಿತ್ತಲ್ಲ ಎಂದು ತಬ್ಬಿಬ್ಬಾಗುವವರನ್ನು ನಾನು ನೋಡಿದ್ದೇನೆ. 24 ಬಣ್ಣದ ಚೌಕಗಳಿರುವ ಕಲರ್‌ಚೆಕರ್ ಫಲಕ 1976ರಿಂದ ಫೋಟೋಗ್ರಾಫರ್‌ಗಳ ಚೀಲದಲ್ಲಿದೆ. ನಿಮ್ಮ ಸೀನಿನ ಒಂದು ಮೂಲೆಯಲ್ಲೂ ಅದನ್ನಿಟ್ಟು ಒಂದು ಟೆಸ್ಟ್ ರೆಂಡರ್ ತೆಗೆಯಿರಿ. ಅದರ ಬೂದು ಚೌಕಗಳು ಬೂದಾಗಿಯೇ ಉಳಿದಿವೆಯೇ ನೋಡಿ, ಆಮೇಲೆ ಫಲಕ ತೆಗೆದುಬಿಡಿ.

ಆಟೋ ಎಕ್ಸ್‌ಪೋಷರ್ ಬಗ್ಗೆ ಎಚ್ಚರ. ಓಡಾಡಿಕೊಂಡು ನೋಡುವ ಸಾಫ್ಟ್‌ವೇರ್‌ಗಳಲ್ಲಿ ಇದು ತನ್ನಷ್ಟಕ್ಕೆ ಕೆಲಸ ಮಾಡುತ್ತಿರುತ್ತದೆ. ಕತ್ತಲ ಕೋಣೆಗೆ ಹೋದರೆ ಏರಿಸುತ್ತದೆ, ಬೆಳಕಿನ ಬಾಲ್ಕನಿಗೆ ಬಂದರೆ ಇಳಿಸುತ್ತದೆ. ಕೊನೆಗೆ ಮನೆಯ ಎಲ್ಲ ಕೋಣೆಗಳೂ ಒಂದೇ ಸಮ ಬೆಳಗುತ್ತವೆ. ಹೊಂದಿಕೊಳ್ಳುವ ಕಣ್ಣಿಗೂ ಕೋಣೆ ಕೋಣೆಯ ನಡುವಿನ ಅಂತರ ಗೊತ್ತಾಗುತ್ತದೆ, ಅದಕ್ಕೇ ಅಲ್ಲವೇ ಹಗಲಲ್ಲಿ ಕೈ ಸ್ವಿಚ್ಚಿಗೆ ಹೋಗುವುದು? ನನ್ನ ನಿಯಮ ಇಷ್ಟು: ಒಂದು ಮನೆಯ ಹಗಲಿನ ವ್ಯೂಗಳಿಗೆಲ್ಲ ಒಂದೇ ಎಕ್ಸ್‌ಪೋಷರ್. ಹೆಚ್ಚೆಂದರೆ ಅರ್ಧ ಸ್ಟಾಪ್ ಆಚೀಚೆ. ಆಗ ಹಾಲ್ ಬೆಳಕಾಗಿ, ಕಾರಿಡಾರ್ ಮಬ್ಬಾಗಿ, ಮನೆ ಹೇಗಿದೆಯೋ ಹಾಗೆ ಕಾಣುತ್ತದೆ.

ಲೈಟ್ ಮಿಕ್ಸ್ ಎಂಬ ಸವಲತ್ತು ಕೊರೋನಾ ಎಂಬ ರೆಂಡರ್ ಎಂಜಿನ್‌ನಲ್ಲಿ ಬಂತು, 2020ರ ವಿ-ರೇ 5ರಲ್ಲೂ ಬಂತು. ರೆಂಡರ್ ಮುಗಿದ ಮೇಲೂ ಒಂದೊಂದು ದೀಪವನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸಬಹುದು. ಬಹಳ ಒಳ್ಳೆಯ ಉಪಕರಣ, ರಾತ್ರಿಯ ದೀಪವ್ಯವಸ್ಥೆ ಯೋಚಿಸಲು ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಸೂರ್ಯನ ಹೆಸರಿನ ಸಾಲನ್ನು ಮಾತ್ರ ಮುಟ್ಟಬೇಡಿ. ಬಲ್ಬನ್ನು ನಾಳೆ ಬದಲಾಯಿಸಬಹುದು, ಸೂರ್ಯನನ್ನು ಬದಲಾಯಿಸಲಾಗದು.

ವಿನ್ಯೆಟ್, ಗ್ರೇನ್, ಕ್ರೊಮ್ಯಾಟಿಕ್ ಅಬರೇಶನ್ ಇವೆಲ್ಲ ಹಳೆಯ ಲೆನ್ಸು, ಫಿಲ್ಮುಗಳ ಕೊರತೆಗಳು. ಚಿಟಿಕೆಯಷ್ಟು ಸಾಕು. ಡಿನಾಯ್ಸರ್ ಅತಿಯಾದರೆ ಮರದ ಎಳೆ, ಬಟ್ಟೆಯ ನೂಲು ಅಳಿಸಿಹೋಗಿ ಎಲ್ಲವೂ ಮೇಣದ ಗೊಂಬೆಯಂತಾಗುತ್ತದೆ. ಲೆನ್ಸ್ ಎಫೆಕ್ಟ್ ಪಟ್ಟಿಯಲ್ಲಿಲ್ಲದ, ಆದರೆ ಎಲ್ಲಕ್ಕಿಂತ ದೊಡ್ಡದಾದ ಎಫೆಕ್ಟ್ ಇನ್ನೊಂದಿದೆ: ಫೋಕಲ್ ಲೆಂತ್. 24 ಮಿಲಿಮೀಟರ್ ಲೆನ್ಸ್ ಅಡ್ಡಕ್ಕೆ ಸುಮಾರು 74 ಡಿಗ್ರಿ ನೋಡುತ್ತದೆ. ಅದನ್ನು 14ಕ್ಕೆ ಇಳಿಸಿ, ಗೋಡೆಯನ್ನು ಕತ್ತರಿಸಿ, ಕ್ಯಾಮೆರಾವನ್ನು ಪಕ್ಕದ ಮನೆಯೊಳಗೆ ನಿಲ್ಲಿಸಿದರೆ ಹತ್ತಡಿ ಕೋಣೆ ಛತ್ರದ ಹಾಲ್‌ನಂತೆ ಕಾಣುತ್ತದೆ. ಕ್ಯಾಮೆರಾ ಮನುಷ್ಯ ನಿಲ್ಲಬಹುದಾದ ಜಾಗದಲ್ಲೇ ಇರಲಿ.

ಇನ್ನು ಸೂರ್ಯನ ಮಾತು. ಡೌನ್‌ಲೋಡ್ ಮಾಡಿದ ಆಕಾಶದ ಚಿತ್ರಗಳಲ್ಲಿ ಎಷ್ಟೋ ನಮ್ಮ ಅಕ್ಷಾಂಶದವಲ್ಲ. ಅಲ್ಲಿನ ಸೂರ್ಯ ಕೆಳಗಿರುತ್ತಾನೆ, ಕಿರಣ ಓರೆಯಾಗಿ ಬಂದು ಹಾಲ್‌ನ ಒಳಗೋಡೆವರೆಗೂ ಚಾಚುತ್ತದೆ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರದಲ್ಲಿ. ಡಿಸೆಂಬರ್ ತಿಂಗಳಲ್ಲೂ ಇಲ್ಲಿನ ನಡುಹಗಲಿನ ಸೂರ್ಯ 53 ಡಿಗ್ರಿಗಿಂತ ಕೆಳಗಿಳಿಯುವುದಿಲ್ಲ. ಏಪ್ರಿಲ್ 24ರ ಸುಮಾರಿಗೊಮ್ಮೆ, ಆಗಸ್ಟ್ 18ರ ಸುಮಾರಿಗೊಮ್ಮೆ ನೆತ್ತಿಯ ಮೇಲೆ ನಿಂತು ನೆರಳನ್ನೇ ನುಂಗುತ್ತಾನೆ. ಅವೆರಡರ ನಡುವಿನ ದಿನಗಳಲ್ಲಿ ಮಧ್ಯಾಹ್ನ ಉತ್ತರದ ಕಡೆಗಿರುತ್ತಾನೆ. ಜೂನ್ ತಿಂಗಳ ಬೆಳಿಗ್ಗೆ ಮೋಡವಿಲ್ಲದಿದ್ದರೆ ಉತ್ತರದ ಕಿಟಕಿಗೂ ಓರೆ ಬಿಸಿಲು ತಾಗುತ್ತದೆ, ಮಧ್ಯಾಹ್ನದ್ದನ್ನು ಸಜ್ಜಾ ತಡೆಯುತ್ತದೆ. ಊರು, ದಿನಾಂಕ, ಗಂಟೆ, ಉತ್ತರ ದಿಕ್ಕು ಈ ನಾಲ್ಕನ್ನೂ ಸರಿಯಾಗಿ ತುಂಬಿದರೆ ಎಂಜಿನ್ ಇದನ್ನೆಲ್ಲ ತಾನೇ ಲೆಕ್ಕ ಹಾಕಿಕೊಡುತ್ತದೆ. ಉತ್ತರದ ಬಾಣವನ್ನು ಚಿತ್ರ ಚೆನ್ನಾಗಿ ಕಾಣಲೆಂದು ತಿರುಗಿಸಬೇಡಿ.

ಬಿಲ್ಡರ್ ಮಹನೀಯರೇ, ಈಗ ನಿಮಗೂ ಎರಡು ಮಾತು. ಬ್ರೋಶರ್‌ನ ಕೆಳಗಡೆ ಸಣ್ಣ ಅಕ್ಷರದಲ್ಲಿ 'ಇದು ಕಲಾವಿದನ ಕಲ್ಪನೆ' ಎಂದು ಅಚ್ಚು ಹಾಕಿಸುತ್ತೀರಿ. ಆ ಕಲಾವಿದ ನಾನು. ನನ್ನ ಕಲ್ಪನೆಗೆ ಕೊಟ್ಟದ್ದು ಪರದೆಗಳು, ಗಿಡದ ಕುಂಡಗಳು, ಕಟ್ಟೆಯ ಮೇಲಿನ ನಿಂಬೆಹಣ್ಣು. ಕಿಟಕಿಯ ಅಳತೆ, ಡಕ್ಟಿನ ಅಗಲ, ಎದುರುಗೋಡೆಯ ದೂರ ನಿಮ್ಮ ನಕ್ಷೆಯಿಂದ ಬಂದವು, ಅವು ಯಾರ ಕಲ್ಪನೆಯೂ ಅಲ್ಲ. 2016ರ ರೇರಾ ಕಾಯ್ದೆಯ 12ನೇ ಸೆಕ್ಷನ್ ಜಾಹೀರಾತು, ಪ್ರಾಸ್ಪೆಕ್ಟಸ್, ಮಾದರಿ ಫ್ಲ್ಯಾಟುಗಳಲ್ಲಿನ ತಪ್ಪು ಮಾಹಿತಿ ನಂಬಿ ಹಣ ಕಟ್ಟಿ ನಷ್ಟ ಹೊಂದಿದವರಿಗೆ ಪರಿಹಾರದ ಹಕ್ಕು ಕೊಟ್ಟಿದೆ. ಕೊಳ್ಳುವ ಅಕ್ಕ ಅಣ್ಣಂದಿರೇ, ನೀವೂ ಬ್ರೋಶರ್‌ನ ಜೊತೆಗೆ ರೇರಾ ಜಾಲತಾಣದಲ್ಲಿರುವ ಮಂಜೂರಾದ ನಕ್ಷೆಯನ್ನು ತೆರೆದಿಟ್ಟುಕೊಳ್ಳಿ. ಚಿತ್ರದಲ್ಲಿ ಬೆಳ್ಳಗೆ ಹೊಳೆಯುವ ಪ್ರತಿ ಕಿಟಕಿಯ ಮೇಲೂ ಬೆರಳಿಟ್ಟು, ಇದು ಎಲ್ಲಿಗೆ ತೆರೆಯುತ್ತದೆ ಎಂದು ಕೇಳಿ.

ತಮ್ಮಂದಿರೇ, ತಂಗಿಯರೇ, ಕಾಯ್ದೆಯ ಭಯಕ್ಕಾಗಿ ನಾನು ಇದನ್ನು ಬರೆಯುತ್ತಿಲ್ಲ. ರೆಂಡರ್ ಎಂದರೆ ಕಟ್ಟುವ ಮೊದಲೇ ಮನೆಯೊಳಗೆ ಹೋಗಿ ನೋಡುವ ಅವಕಾಶ. ಹಿಂದಿನ ಯಾವ ಮೇಸ್ತ್ರಿಗೂ ಈ ಭಾಗ್ಯವಿರಲಿಲ್ಲ. ಕಾಂಕ್ರೀಟ್ ಸುರಿಯುವ ಮುಂಚೆ ಕತ್ತಲು ಕಂಡರೆ ಕತ್ತಲನ್ನು ತೆಗೆಯಬಹುದು.

ಆ ತಾಯಿಯ ಅಡುಗೆಮನೆಯಿಂದ ಬಂದ ಮರುವರ್ಷ ಇನ್ನೊಂದು ಪ್ರಾಜೆಕ್ಟ್ ಬಂತು. ಮತ್ತೆ ಡಕ್ಟು, ಮತ್ತೆ ಸಿಂಕಿನ ಮೇಲೆ ಕಿಟಕಿ, ಮತ್ತೆ ಮಬ್ಬು. ಈ ಸಲ ಎಲ್ಲ ಎಫೆಕ್ಟ್ ಆರಿಸಿ, ಹಾಲ್‌ಗೆ ಇಟ್ಟಿದ್ದ ಎಕ್ಸ್‌ಪೋಷರನ್ನೇ ಇಟ್ಟು, ಆ ಮಬ್ಬು ಚಿತ್ರವನ್ನೇ ಪ್ರಿಂಟ್ ತೆಗೆದು ಮೀಟಿಂಗ್‌ಗೆ ಒಯ್ದೆ. ಆರ್ಕಿಟೆಕ್ಟ್ ಮೇಡಂ ಅದನ್ನು ಟೇಬಲ್ ಮೇಲಿಟ್ಟುಕೊಂಡು ತುಂಬ ಹೊತ್ತು ನೋಡಿದರು. "ಇಷ್ಟು ಕತ್ತಲಿರುತ್ತಾ?" ಎಂದರು. ಇರುತ್ತದೆ ಮೇಡಂ ಎಂದೆ. ಅವರು ಪೆನ್ಸಿಲ್ ತೆಗೆದು ನಕ್ಷೆಯ ಮೇಲೆ ಮೂರು ಗೆರೆ ಎಳೆದರು. ಯುಟಿಲಿಟಿಯ ಕಡೆಗಿದ್ದ ಗಟ್ಟಿ ಬಾಗಿಲಿನ ಜಾಗಕ್ಕೆ ಅಗಲವಾದ ಗಾಜಿನ ಬಾಗಿಲು ಬಂತು. ಸಿಂಕಿನ ಮೇಲಿನ ಕಿಟಕಿ ತೊಲೆಯ ತಳದವರೆಗೆ ಏರಿತು. ಡಕ್ಟಿನ ಒಳಗೋಡೆಗೆ ಬಿಳಿ ಬಣ್ಣವೆಂದು ಬರೆದರು. ನಕ್ಷೆ ಇನ್ನೂ ಕಾಗದದ ಮೇಲಿತ್ತು, ಆದ್ದರಿಂದ ಇದೆಲ್ಲಕ್ಕೆ ಹಿಡಿದದ್ದು ಒಂದು ಸಂಜೆ. ಅವತ್ತು ರಾತ್ರಿ ಮತ್ತೆ ರೆಂಡರ್ ಹಾಕಿದೆ. ಯುಟಿಲಿಟಿಯ ಕಡೆಯಿಂದ ಬಂದ ಬೆಳಕು ಕಟ್ಟೆಯ ಅರ್ಧದವರೆಗೆ ಹರಿದಿತ್ತು. ಒಂದು ಸ್ಲೈಡರನ್ನೂ ಮುಟ್ಟುವ ಅಗತ್ಯ ಬೀಳಲಿಲ್ಲ.

ಆದ್ದರಿಂದ ನನ್ನ ಕೋರಿಕೆ ಇದೊಂದೇ. ಇವತ್ತು ರಾತ್ರಿ ಸೇವ್ ಒತ್ತುವ ಮೊದಲು ಎಫೆಕ್ಟ್‌ಗಳನ್ನೆಲ್ಲ ಒಮ್ಮೆ ಆರಿಸಿ, ಅಡುಗೆಮನೆಯ ವ್ಯೂ ತೆರೆಯಿರಿ. ಅಲ್ಲಿ ಹಗಲಲ್ಲಿ ಒಬ್ಬರು ತರಕಾರಿ ಹೆಚ್ಚಬಹುದೇ, ಅಕ್ಕಿಯಲ್ಲಿ ಕಲ್ಲು ಆರಿಸಬಹುದೇ ಎಂದು ನೋಡಿ. ಆಗದಿದ್ದರೆ ಸ್ಲೈಡರ್ ಮೇಲಿನ ಕೈ ತೆಗೆದು, ಬೆಳಿಗ್ಗೆ ಎದ್ದ ತಕ್ಷಣ ಆರ್ಕಿಟೆಕ್ಟ್‌ಗೆ ಫೋನ್ ಮಾಡಿ.

ಇಂತಿ,
ನಿಮ್ಮ ಕುರ್ಚಿಯಲ್ಲಿ ನಿಮಗಿಂತ ಮೊದಲು ಕೂತಿದ್ದ
ನಿಮ್ಮ ಅಣ್ಣ